ನಾಯಕ: ಒಂದು ಕುಲನಾಮ, ಹಲವು ಮೂಲ

ನಮ್ಮ ಗ್ರಾಮದೇವರ ಆಲಯವು ಜೀರ್ಣೋದ್ಧಾರಗೊಂಡು ಬ್ರಹ್ಮಕಲಶೋತ್ಸವವು ಸಮೀಪಿಸಿರುವ ಈ ಪುಣ್ಯಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಮೊಕ್ತೇಸರರು ಅಪ್ಪಣೆ ಮಾಡಿದರು. ನಾನು ಪಂಡಿತನಲ್ಲ. ಕನ್ನಡ ಶಾಲೆಯಲ್ಲಿ ಓದಿ, ಗ್ರಾಮದ ಭೂಮಿಯ ಲೆಕ್ಕವನ್ನೂ ಕಂದಾಯದ ಲೆಕ್ಕವನ್ನೂ ಬರೆಯುತ್ತ ಐವತ್ತು ದಾಟಿದವನು. ಆಗಮವನ್ನಾಗಲಿ ಶಿಲ್ಪಶಾಸ್ತ್ರವನ್ನಾಗಲಿ ಕುರಿತು ಬರೆಯುವ ಅಧಿಕಾರ ನನಗಿಲ್ಲ. ನನಗೆ ಪರಿಚಯವಿರುವುದು ಜನರ ಹೆಸರುಗಳು. ಆದುದರಿಂದ ಒಂದು ಹೆಸರನ್ನೇ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

ಇದಕ್ಕೆ ಕಾರಣವೂ ಉಂಟು. ಜೀರ್ಣೋದ್ಧಾರಕ್ಕೆ ಕಾಣಿಕೆಯಿತ್ತವರ ಪಟ್ಟಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಕ್ಷರಾನುಕ್ರಮದಲ್ಲಿ ಬರೆಯುತ್ತ ಹೋದಾಗ ‘ನಾಯಕ’, ‘ನಾಯಕ್’, ‘ನಾಯ್ಕ’ ಎಂಬ ಉಪನಾಮದವರೇ ಒಂದು ಪುಟವನ್ನು ತುಂಬಿದರು. ಸುತ್ತುಗೋಪುರದ ಮಾಡಿಗೆ ಮರ ಒದಗಿಸಿದವರು ಆ ಪುಟದಲ್ಲಿದ್ದರು. ಪೇಟೆಯ ಅಂಗಡಿಯಿಂದ ಎಣ್ಣೆ ಬೆಲ್ಲಗಳನ್ನು ಕಳುಹಿಸಿದವರಿದ್ದರು. ಗುಡ್ಡದ ಮೇಲಿನ ಮನೆಗಳಿಂದ ಪ್ರತಿ ಭಾನುವಾರ ಇಳಿದುಬಂದು ಕೆಂಪುಕಲ್ಲು ಹೊತ್ತವರೂ ಇದ್ದರು. ಪಟ್ಟಿಯನ್ನು ನಕಲು ಮಾಡುತ್ತಿದ್ದ ಹೈಸ್ಕೂಲಿನ ಹುಡುಗನೊಬ್ಬನು, “ಇವರೆಲ್ಲ ಒಂದೇ ಕುಟುಂಬದವರೇ?” ಎಂದು ಕೇಳಿದನು. ಅಲ್ಲವೆಂದೆನು. “ಹಾಗಾದರೆ ನಿಜವಾದ ನಾಯಕರು ಯಾರು?” ಎಂದು ಪುನಃ ಕೇಳಿದನು. ಆ ಪ್ರಶ್ನೆಗೆ ಅಂದು ನಕ್ಕು ಸುಮ್ಮನಾದೆನು. ಆದರೆ ಅದು ನಕ್ಕು ಬಿಡುವಂಥ ಪ್ರಶ್ನೆಯಲ್ಲ. ಅದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ನಾನೊಮ್ಮೆ ಒಂದು ಮನೆಗೆ ಅನ್ಯಾಯ ಮಾಡಿದ್ದೇನೆ. ಅದನ್ನು ಮುಂದೆ ನಿವೇದಿಸುವೆನು. ಮೊದಲು ಹೆಸರಿನ ವಿಚಾರ.

ಶಬ್ದದ ಅರ್ಥ

‘ನಾಯಕ’ ಎಂಬುದು ಸಂಸ್ಕೃತ ಶಬ್ದ. ‘ನೀ’ ಎಂಬ ಧಾತುವಿಗೆ ಒಯ್ಯು, ಮುನ್ನಡೆಸು ಎಂದು ಅರ್ಥ. ಮುನ್ನಡೆಸುವವನು ನಾಯಕ. ನೀತಿ, ನಯ, ನೇತಾರ ಎಂಬ ಶಬ್ದಗಳೂ ಇದೇ ಧಾತುವಿನಿಂದ ಹುಟ್ಟಿದವು. ಮಧೂರಿನಲ್ಲಿ ನಾವು ಕೈಮುಗಿಯುವ ಸಿದ್ಧಿವಿನಾಯಕನ ಹೆಸರಿನಲ್ಲಿಯೂ ಈ ನಾಯಕನಿದ್ದಾನೆ. ಕಾವ್ಯದಲ್ಲಿ ಕಥೆಯನ್ನು ನಡೆಸುವವನು ನಾಯಕ. ದಂಡನ್ನು ನಡೆಸುವವನು ದಂಡನಾಯಕ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಾಯಕ ಎಂಬುದು ಮೂಲತಃ ಒಂದು ಜಾತಿಯ ಹೆಸರಲ್ಲ, ಒಂದು ವಂಶದ ಹೆಸರೂ ಅಲ್ಲ. ಅದು ಒಂದು ಹೊಣೆಯ ಹೆಸರು. ಯಾವ ಜನರಲ್ಲಿ ಯಾರು ಮುಂದೆ ನಿಂತರೋ ಅವರನ್ನು ಆ ಜನರು ನಾಯಕರೆಂದು ಕರೆದರು. ಮಕ್ಕಳು ಮೊಮ್ಮಕ್ಕಳು ಅದನ್ನು ಹೆಸರಿನ ಕೊನೆಯಲ್ಲಿ ಉಳಿಸಿಕೊಂಡರು. ಹೊಣೆ ಹೋದರೂ ಹೆಸರು ಉಳಿಯಿತು.

ನನ್ನ ಉದ್ಯೋಗದ ಹೆಸರಿಗೂ ಇದೇ ಗತಿಯಾಗಿದೆ. ಹಿಂದೆ ಗ್ರಾಮದ ಲೆಕ್ಕ ಬರೆಯುತ್ತಿದ್ದವನು ಶ್ಯಾನುಭೋಗ. ಇಂದು ಲೆಕ್ಕದ ಪುಸ್ತಕವನ್ನು ಮುಟ್ಟದ ವೈದ್ಯರೂ ವ್ಯಾಪಾರಿಗಳೂ ಶ್ಯಾನುಭೋಗ, ಶಾನುಭಾಗ ಎಂಬ ಉಪನಾಮವನ್ನು ಧರಿಸಿದ್ದಾರೆ. ಪಟೇಲ, ಭಂಡಾರಿ ಎಂಬಿವು ಸಹ ಉದ್ಯೋಗದಿಂದ ಬಂದವು. ಹೆಗ್ಗಡೆ, ಹೆಗ್ಡೆ ಎಂಬುದು ಶಾಸನಗಳಲ್ಲಿ ಬರುವ ‘ಪೆರ್ಗಡೆ’ ಎಂಬ ಅಧಿಕಾರಿಯ ಹೆಸರು.

ಅರಸರಾದ ನಾಯಕರು

ವಿಜಯನಗರದ ಕಾಲದಲ್ಲಿ ಈ ಪದವಿಯು ನಾಡಿನಾದ್ಯಂತ ಹಬ್ಬಿತು. ಅರಸನಿಂದ ಭೂಮಿಯನ್ನು ಪಡೆದು, ಅದರ ಉತ್ಪನ್ನದಿಂದ ಕುದುರೆ ಕಾಲಾಳುಗಳನ್ನು ಸಾಕಿ, ಕರೆದಾಗ ದಂಡಿನೊಡನೆ ಹಾಜರಾಗಬೇಕಾದವರು ಅಮರನಾಯಕರೆನಿಸಿದರು. ೧೬ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಎಂಬವರು ಈ ವ್ಯವಸ್ಥೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ೧೫೬೫ರಲ್ಲಿ ರಾಜಧಾನಿಗೆ ಆಪತ್ತು ಬಂದ ಬಳಿಕ ಈ ನಾಯಕರು ಒಬ್ಬೊಬ್ಬರಾಗಿ ಸ್ವತಂತ್ರರಾದರು.

ಹೀಗೆ ಅರಸರಾದವರೆಲ್ಲರೂ ಒಂದೇ ಕುಲದವರಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೆಳದಿ ಇಕ್ಕೇರಿಯ ನಾಯಕರು ವೀರಶೈವರು. ಚಿತ್ರದುರ್ಗದ ನಾಯಕರು ಬೇಡರು. ಅವರಲ್ಲಿ ಕೊನೆಯವನಾದ ಮದಕರಿನಾಯಕನ ದುರ್ಗವು ೧೭೭೯ರಲ್ಲಿ ಹೈದರನ ವಶವಾಯಿತು. ಸುರಪುರದ ನಾಯಕರೂ ಬೇಡರೇ. ೧೮೫೭-೫೮ರಲ್ಲಿ ಇಂಗ್ಲಿಷರನ್ನು ಎದುರಿಸಿದ ರಾಜಾ ವೆಂಕಟಪ್ಪನಾಯಕನು ಆ ವಂಶದವನು. ಮಧುರೆ ಮತ್ತು ತಂಜಾವೂರುಗಳ ನಾಯಕರು ತೆಲುಗು ಮಾತೃಭಾಷೆಯವರು. ಮಧುರೆಯ ಮಹಲಿನಿಂದ ಇಂದಿಗೂ ಪ್ರಸಿದ್ಧನಾದ ತಿರುಮಲನಾಯಕನು ೧೬೨೩ರಿಂದ ೧೬೫೯ರ ವರೆಗೆ ಆಳಿದನು. ಸಮುದ್ರದಾಚೆ ಸಿಂಹಳದ ಕ್ಯಾಂಡಿ ರಾಜ್ಯವನ್ನು ೧೭೩೯ರಿಂದ ೧೮೧೫ರ ವರೆಗೆ ಆಳಿದವರು ಮಧುರೆಯ ನಾಯಕರ ಬಂಧುವರ್ಗದವರು. ಹೆಸರು ಒಂದೇ, ಕುಲ, ಭಾಷೆ, ಮತ ಬೇರೆ ಬೇರೆ.

ಕೆಳದಿಯವರ ಗುರುತು ನಮ್ಮ ಸೀಮೆಯಲ್ಲಿ ಈಗಲೂ ಇದೆ. ಬೇಕಲದ ಕೋಟೆ, ಚಂದ್ರಗಿರಿಯ ಕೋಟೆ ಇವು ಇಕ್ಕೇರಿ ನಾಯಕರ ಕಾಲದವೆಂದು ಪ್ರಸಿದ್ಧವಾಗಿವೆ. ೧೬೪೫ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕನು ಭೂಮಿಯನ್ನು ಅದರ ಗುಣಾನುಸಾರವಾಗಿ ವಿಂಗಡಿಸಿ ಕಂದಾಯವನ್ನು ಗೊತ್ತುಮಾಡಿದನು. ಅದೇ ‘ಶಿವಪ್ಪನಾಯಕನ ಶಿಸ್ತು’. ಕಂದಾಯದ ಲೆಕ್ಕ ಬರೆಯುವ ನನ್ನಂಥವನು ಕೋಟೆಗಿಂತ ಮೊದಲು ಆ ಶಿಸ್ತಿಗೆ ನಮಸ್ಕರಿಸಬೇಕು. ಆದರೆ ನಮ್ಮ ಗ್ರಾಮದ ನಾಯಕರಲ್ಲಿ ಯಾರೂ ಕೆಳದಿಯ ಅರಸುಮನೆಯವರಲ್ಲ. ಕೋಟೆಯನ್ನು ನೋಡಿಬಂದ ಮಕ್ಕಳು ಕೆಲವರು ಹಾಗೆ ಭಾವಿಸಿರುವುದರಿಂದ ಇದನ್ನು ಹೇಳಬೇಕಾಯಿತು.

ನಮ್ಮ ಕರಾವಳಿಯ ನಾಯಕರು

ಹಾಗಾದರೆ ನಮ್ಮವರು ಯಾರು? ಕಾಸರಗೋಡು, ಮಂಗಳೂರುಗಳ ಸೀಮೆಯಲ್ಲಿ ಈ ಉಪನಾಮದವರು ಮುಖ್ಯವಾಗಿ ಮೂರು ದಾರಿಗಳಿಂದ ಬಂದವರು.

ಮೊದಲನೆಯವರು ಕೊಂಕಣಿ ಮಾತನಾಡುವ ಸಾರಸ್ವತರು. ೧೬ನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆಯಿಂದ ದೇವಾಲಯಗಳಿಗೆ ವಿಪತ್ತು ಒದಗಿದಾಗ ಅನೇಕ ಕುಟುಂಬಗಳು ದಕ್ಷಿಣಕ್ಕೆ ಬಂದವು. ಗೌಡ ಸಾರಸ್ವತರಲ್ಲಿ ನಾಯಕ್ ಎಂಬ ಉಪನಾಮವುಂಟು. ರಾಜಾಪುರ ಸಾರಸ್ವತರಲ್ಲಿಯೂ ಉಂಟು. ಗೌಡ ಸಾರಸ್ವತ ಮನೆಗಳ ಕುಲದೇವತೆಗಳು ಇಂದಿಗೂ ಗೋವೆಯಲ್ಲಿ ನೆಲೆಸಿದ್ದಾರೆ. ಮಂಗೇಶ, ಶಾಂತಾದುರ್ಗಾ, ಮಹಾಲಸಾ ಎಂದು ಆ ಮನೆಯ ಹಿರಿಯರು ಹೇಳಿದೊಡನೆ ಅವರ ಮೂಲ ತಿಳಿಯುತ್ತದೆ.

ಎರಡನೆಯವರು ಬಂಟರು. ಶೆಟ್ಟಿ, ರೈ, ಆಳ್ವ, ಭಂಡಾರಿ ಮೊದಲಾದ ಉಪನಾಮಗಳೊಡನೆ ನಾಯ್ಕ ಎಂಬುದೂ ಅವರಲ್ಲಿ ಸಲ್ಲುತ್ತದೆ. ಮನೆಮಾತು ತುಳು. ಅಳಿಯಸಂತಾನದ ಸಂಪ್ರದಾಯದಂತೆ ಅವರ ಬಳಿಯು ತಾಯಿಯಿಂದ ಬರುತ್ತದೆ. ಆದುದರಿಂದ ಹೆಸರಿನ ಕೊನೆಯ ಶಬ್ದಕ್ಕಿಂತ ತಾಯಿಯ ಮನೆಯ ಹೆಸರೇ ಅಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಮೂರನೆಯವರು ಮರಾಟಿ ಸಮುದಾಯದವರು. ಗುಡ್ಡದ ಇಳಿಜಾರುಗಳಲ್ಲಿ ಮನೆಕಟ್ಟಿ, ಬೇಸಾಯವನ್ನು ನೆಚ್ಚಿ ಬಾಳಿದವರು. ಮನೆಯೊಳಗೆ ಮರಾಠಿಯ ಒಂದು ಪ್ರಭೇದವನ್ನು ಆಡುತ್ತಾರೆ. ಹೊರಗೆ ತುಳು, ಕನ್ನಡ, ಮಲಯಾಳಗಳನ್ನು ಸಲೀಸಾಗಿ ಬಳಸುತ್ತಾರೆ. ಭವಾನಿಯನ್ನು ಕುರಿತು ಅವರು ನಡೆಸುವ ಗೊಂದೋಳು ಪೂಜೆಯನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಇವರಲ್ಲಿ ಬಹುತೇಕ ಪ್ರತಿ ಗಂಡಸಿನ ಹೆಸರಿನ ಮುಂದೆ ನಾಯ್ಕ ಎಂದಿರುತ್ತದೆ. ಮರಾಟಿ ಎಂಬುದು ಇಲ್ಲಿ ಸಮುದಾಯದ ಹೆಸರು. ಮಹಾರಾಷ್ಟ್ರದ ಮರಾಠರೊಡನೆ ಇವರನ್ನು ಒಂದುಗೂಡಿಸಿ ಹೇಳುವುದು ಸರಿಯಲ್ಲ.

ಇನ್ನು ಉತ್ತರಕ್ಕೆ ಹೋದಂತೆ ಹೆಸರು ಮತ್ತೆ ಬೇರೆ ಕೈಗಳನ್ನು ಸೇರುತ್ತದೆ. ಅಂಕೋಲೆಯ ನಾಡವರು ನಾಯಕರು; ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿಯೂ ತರುವಾಯದ ಕರನಿರಾಕರಣೆಯಲ್ಲಿಯೂ ಭೂಮಿಯನ್ನು ಕಳೆದುಕೊಳ್ಳಲು ಹಿಂಜರಿಯದ ಜನರು. ಹೊನ್ನಾವರ, ಭಟ್ಕಳಗಳ ನಾಮಧಾರಿಗಳು ನಾಯ್ಕರು. ಕನ್ನಡ ಸಾಹಿತ್ಯವನ್ನೋದುವವರಿಗೆ ಇಬ್ಬರು ನಾಯಕರು ಚಿರಪರಿಚಿತರು. ಹಾ. ಮಾ. ನಾಯಕರು ತೀರ್ಥಹಳ್ಳಿ ಸೀಮೆಯ ಹಾರೋಗದ್ದೆಯವರು, ಜಿ. ಎಚ್. ನಾಯಕರು ಅಂಕೋಲೆಯ ಸೂರ್ವೆಯವರು. ಇಬ್ಬರೂ ಮೈಸೂರಿನಲ್ಲಿ ಕನ್ನಡವನ್ನು ಬೋಧಿಸಿದರು. ಒಬ್ಬರಿಗೆ ೧೯೮೯ರಲ್ಲಿಯೂ ಇನ್ನೊಬ್ಬರಿಗೆ ೨೦೧೪ರಲ್ಲಿಯೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಉಪನಾಮ ಒಂದೇ, ಊರು ಬೇರೆ.

ದೂರದ ನಾಯಕರು

ಘಟ್ಟದ ಮೇಲಿನ ಲಂಬಾಣಿಗಳಲ್ಲಿ ತಾಂಡೆಯ ಮುಖಂಡನಿಗೆ ನಾಯಕನೆಂದೂ ಅವನ ಸಹಾಯಕನಿಗೆ ಕಾರಭಾರಿಯೆಂದೂ ಹೆಸರು. ಅವರಲ್ಲಿಯೂ ನಾಯ್ಕ ಎಂಬ ಉಪನಾಮ ಸಾಮಾನ್ಯ. ೧೯೬೩ರಿಂದ ೧೯೭೫ರ ವರೆಗೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ವಸಂತರಾವ ನಾಯಿಕರು ಈ ಬಂಜಾರ ಸಮಾಜದವರು. ಅದೇ ಮಹಾರಾಷ್ಟ್ರದಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದು ೧೮೩೨ರಲ್ಲಿ ಗಲ್ಲಿಗೇರಿದ ಉಮಾಜಿ ನಾಯಿಕನು ರಾಮೋಶಿ ಜನಾಂಗದವನು.

ನಮ್ಮದೇ ಕೇರಳದ ವಯನಾಡಿನ ಕಾಡಿನಲ್ಲಿ ಜೇನು ಕಿತ್ತು ಬಾಳಿದ ಕಾಟ್ಟುನಾಯಕರಿದ್ದಾರೆ. ಕಾಡಿನ ನಾಯಕರೆಂದೇ ಅದರ ಅರ್ಥ. ಅವರ ಮಾತು ಕನ್ನಡಕ್ಕೆ ಹತ್ತಿರವಾದದ್ದು. ಅರಮನೆಯವರಿಗೆ ಸಲ್ಲುವ ಬಿರುದು ಎಲೆಮನೆಯವರಿಗೂ ಸಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತೆಲುಗಿನ ನಾಯುಡು, ತಮಿಳಿನ ನಾಯಕ್ಕರ್ ಎಂಬಿವು ಇದೇ ಶಬ್ದದ ರೂಪಗಳು. ಮಲಯಾಳದ ನಾಯರ್ ಎಂಬುದನ್ನೂ ಹಲವು ವಿದ್ವಾಂಸರು ಇದಕ್ಕೇ ಜೋಡಿಸುತ್ತಾರೆ. ಒಡಿಶಾದಲ್ಲಿ ನಾಯಕ್ ಎಂಬುದೂ ಪಟ್ಟನಾಯಕ್ ಎಂಬುದೂ ಬಳಕೆಯಲ್ಲಿವೆ. ಪಟ್ಟನಾಯಕ್ ಎಂಬುದು ಅಲ್ಲಿ ಬಹುಮಟ್ಟಿಗೆ ಕರಣರಲ್ಲಿ, ಅಂದರೆ ಲೆಕ್ಕಪತ್ರ ಬರೆಯುತ್ತಿದ್ದವರಲ್ಲಿ ಕಾಣುತ್ತದೆ. ೨೦೦೦ದಿಂದ ೨೦೨೪ರ ವರೆಗೆ ಅಲ್ಲಿಯ ಮುಖ್ಯಮಂತ್ರಿಯಾಗಿದ್ದ ನವೀನ ಪಟ್ನಾಯಕರ ಹೆಸರು ಇದೇ. ಸಿಂಹಳದಲ್ಲಿ ಸೇನಾನಾಯಕ, ಬಂಡಾರನಾಯಕ ಎಂಬ ಮನೆತನಗಳಿವೆ. ಜಗತ್ತಿನಲ್ಲಿಯೇ ಮೊದಲನೆಯ ಮಹಿಳಾ ಪ್ರಧಾನಿಯಾಗಿ ೧೯೬೦ರಲ್ಲಿ ಅಧಿಕಾರ ವಹಿಸಿದವರು ಸಿರಿಮಾವೋ ಬಂಡಾರನಾಯಕೆ.

ನಮ್ಮ ಭೂಸೇನೆಯಲ್ಲಿ ಮಾತ್ರ ಈ ಶಬ್ದವು ಇಂದಿಗೂ ತನ್ನ ಹಳೆಯ ಕೆಲಸವನ್ನು ಬಿಟ್ಟಿಲ್ಲ. ಅಲ್ಲಿ ನಾಯಕ್ ಎಂಬುದು ಒಂದು ದರ್ಜೆ. ಕೆಲವೇ ಸಿಪಾಯಿಗಳ ಗುಂಪನ್ನು ನಡೆಸುವವನ ದರ್ಜೆ. ೧೯೪೮ರ ಫೆಬ್ರವರಿಯಲ್ಲಿ ಕಾಶ್ಮೀರದ ನೌಶೇರಾದಲ್ಲಿ ಠಾಣೆಯನ್ನು ಕಾದು ಮಡಿದು, ಮರಣಾನಂತರ ಪರಮವೀರ ಚಕ್ರವನ್ನು ಪಡೆದ ಜದುನಾಥ ಸಿಂಗರು ನಾಯಕ್ ದರ್ಜೆಯವರು. ಅದು ಅವರ ಕುಲನಾಮವಲ್ಲ, ಅವರು ಹೊತ್ತ ಹೊಣೆ.

ಬರಹದ ತೊಡಕು

ಇಷ್ಟೆಲ್ಲ ಹೇಳಿದ ಮೇಲೆ, ಹೆಸರಿನ ಮೂಲವನ್ನು ತಿಳಿದು ಆಗಬೇಕಾದದ್ದೇನೆಂದು ಯಾರಾದರೂ ಕೇಳಬಹುದು. ಹೆಸರು ಮನೆಯೊಳಗಿರುವ ವರೆಗೆ ತೊಂದರೆಯಿಲ್ಲ. ಕಾಗದದ ಮೇಲೆ ಇಳಿದಾಗ ತೊಡಕು ಹುಟ್ಟುತ್ತದೆ. ೧೯೫೬ರ ನವೆಂಬರ ೧ರ ತನಕ ನಮ್ಮದು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಸೀಮೆ. ಅಜ್ಜನ ಕಾಲದ ದಾಖಲೆ ಕನ್ನಡದಲ್ಲಿದ್ದರೆ ಮೊಮ್ಮಗನ ದಾಖಲೆ ಮಲಯಾಳದಲ್ಲಿದೆ, ಶಾಲೆಯ ಸರ್ಟಿಫಿಕೇಟು ಇಂಗ್ಲಿಷಿನಲ್ಲಿದೆ. ಅಜ್ಜ ‘ನಾಯ್ಕ’ನಾಗಿದ್ದರೆ ಮಗ ‘ನಾಯಕ್’ ಆಗಿ, ಮೊಮ್ಮಗ ‘ನಾಯಿಕ್’ ಆಗಿರುವುದನ್ನು ನಾನು ದಿನನಿತ್ಯ ಕಾಣುತ್ತೇನೆ. ಒಂದೇ ಮನೆಯ ಮೂರು ತಲೆಗಳು ಕಾಗದದಲ್ಲಿ ಮೂರು ಮನೆತನಗಳಾಗಿ ತೋರುತ್ತವೆ. ಮೂರು ಬೇರೆ ಮನೆತನಗಳು ಒಂದೇ ಆಗಿಯೂ ತೋರುತ್ತವೆ.

ಸರಕಾರದ ಸೌಲಭ್ಯಗಳು ಸಮುದಾಯವನ್ನು ಅನುಸರಿಸಿ ಇರುವುದರಿಂದ ಈ ತೊಡಕು ಸಣ್ಣದಲ್ಲ. ಕರ್ನಾಟಕದಲ್ಲಿ ಬೇಡ, ವಾಲ್ಮೀಕಿ ಎಂಬ ಹೆಸರುಗಳೊಡನೆ ನಾಯಕ್, ನಾಯಿಕ್ ಎಂಬ ಹೆಸರುಗಳನ್ನೂ ೧೯೯೧ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅದು ಆ ಸಮುದಾಯಕ್ಕೆ ಸಲ್ಲತಕ್ಕದ್ದು. ಉಪನಾಮ ಕೂಡಿಬಂದ ಮಾತ್ರಕ್ಕೆ ಇತರರಿಗೆ ಸಲ್ಲುವುದಿಲ್ಲ. ಕೇರಳದಲ್ಲಿ ಮರಾಟಿ ಸಮುದಾಯವನ್ನು ೨೦೦೨ರ ಕಾನೂನಿನಿಂದ ಆ ಪಟ್ಟಿಯಿಂದ ಕೈಬಿಟ್ಟರು. ದೀರ್ಘಕಾಲದ ಬೇಡಿಕೆಯ ಬಳಿಕ ೨೦೧೩ರ ತಿದ್ದುಪಡಿಯಿಂದ ಕಾಸರಗೋಡು ಮತ್ತು ಹೊಸದುರ್ಗ ತಾಲೂಕುಗಳ ಮರಾಟಿಯವರನ್ನು ಪುನಃ ಸೇರಿಸಿದರು. ನಡುವಣ ವರ್ಷಗಳಲ್ಲಿ ಶಾಲೆ ಮುಗಿಸಿದ ಮಕ್ಕಳಿಗೆ ಆದ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಈಗ ನನ್ನ ತಪ್ಪನ್ನು ಹೇಳಬೇಕು. ಆ ತಿದ್ದುಪಡಿ ಬಂದ ಕೆಲಕಾಲದ ಮೇಲೆ ಗುಡ್ಡದ ಮನೆಯೊಂದರ ತಂದೆ, ಮಗಳ ನರ್ಸಿಂಗ್ ಶಿಕ್ಷಣಕ್ಕಾಗಿ ಸಮುದಾಯದ ಸರ್ಟಿಫಿಕೇಟು ಬೇಕೆಂದು ಅರ್ಜಿ ಕೊಟ್ಟರು. ಅದರ ವಿಚಾರಣೆಯ ಟಿಪ್ಪಣಿ ಬರೆಯುವ ಕೆಲಸ ನನ್ನದಾಗಿತ್ತು. ತಂದೆಯ ಕಾಗದದಲ್ಲಿ ‘ನಾಯ್ಕ’ ಎಂದಿತ್ತು, ಮಗಳ ಶಾಲೆಯ ಕಾಗದದಲ್ಲಿ ‘ನಾಯಕ್’ ಎಂದಿತ್ತು. ಅದೇ ವಾರ್ಡಿನಲ್ಲಿ ನಾಯಕ್ ಎಂಬ ಉಪನಾಮದ ಸಾರಸ್ವತ ಮನೆಗಳಿದ್ದವು. ಅಂದು ಕೆಲಸದ ಒತ್ತಡವೂ ಇತ್ತು, ಮಳೆಯೂ ಇತ್ತು. ನಾನು ಗುಡ್ಡ ಹತ್ತಲಿಲ್ಲ. ಉಪನಾಮದಿಂದ ಸಮುದಾಯವು ದೃಢಪಡುವುದಿಲ್ಲವೆಂದು ಕುಳಿತಲ್ಲಿಯೇ ಒಂದು ಸಾಲು ಬರೆದೆನು. ಅರ್ಜಿ ಹಿಂದಿರುಗಿತು. ಪುನಃ ವಿಚಾರಣೆಯಾಗಿ ಸರ್ಟಿಫಿಕೇಟು ಕೈಗೆ ಬರುವಾಗ ಸೇರ್ಪಡೆಯ ದಿನ ಕಳೆದಿತ್ತು. ಆ ಹುಡುಗಿಯ ಒಂದು ವರ್ಷ ವ್ಯರ್ಥವಾಯಿತು.

ಆ ತಂದೆ ಜಗಳವಾಡಲಿಲ್ಲ. “ಸ್ವಾಮೀ, ಶಾಲೆಯಲ್ಲಿ ಹೆಸರು ಬರೆದದ್ದು ಮಾಷ್ಟ್ರು. ನಾವು ಯಾರೆಂದು ತಿಳಿಯಬೇಕಿದ್ದರೆ ನೀವು ಒಮ್ಮೆ ಮನೆಗೆ ಬರಬಹುದಿತ್ತು” ಎಂದಷ್ಟೇ ಹೇಳಿದರು. ಎರಡನೆಯ ವಿಚಾರಣೆಗೆ ನಾನು ಹೋದಾಗ ಆ ಮನೆಯ ಅಜ್ಜಿ ಮರಾಟಿಯಲ್ಲಿ ಮೊಮ್ಮಗಳನ್ನು ಕರೆದು ನೀರು ಬೆಲ್ಲ ತರಿಸಿದರು. ಗೊಂದೋಳು ಪೂಜೆಯ ಪರಿಕರಗಳು ಒಳಗಿದ್ದವು. ಅಜ್ಜನ ಹೆಸರಿನ ಹಳೆಯ ಕನ್ನಡ ದಾಖಲೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದರು. ನಾನು ತಿಳಿಯಬೇಕಾದದ್ದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯಿತು. ನನ್ನ ಕೈಯ ಒಂದು ಸಾಲಿನಿಂದ ಕಳೆದದ್ದು ಒಂದು ವರ್ಷ.

ಕೇಳಬೇಕಾದ ಪ್ರಶ್ನೆಗಳು

ಅಂದಿನಿಂದ ನಾನು ಒಂದು ನಿಯಮವನ್ನು ಅನುಸರಿಸುತ್ತಿದ್ದೇನೆ. ಕಿರಿಯರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇನೆ. ಮನೆತನವನ್ನು ತಿಳಿಯಬೇಕಾದಾಗ ಉಪನಾಮದಲ್ಲಿ ನಿಲ್ಲಬಾರದು. ಮನೆಮಾತು ಯಾವುದು, ಕುಲದೇವತೆ ಯಾರು, ಮೂಲಮನೆ ಎಲ್ಲಿ, ಹಳೆಯ ದಾಖಲೆಯಲ್ಲಿ ಹೇಗೆ ಬರೆದಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮನೆಯ ಹಿರಿಯರಲ್ಲಿ ವಿನಯದಿಂದ ಕೇಳಬೇಕು. ತಂದೆತಾಯಂದಿರು ಮಗುವನ್ನು ಶಾಲೆಗೆ ಸೇರಿಸುವಾಗಲೇ ಮನೆಯ ದಾಖಲೆಯಲ್ಲಿರುವಂತೆ ಹೆಸರನ್ನು ಬರೆಯಿಸಬೇಕು. ನಾಯ್ಕ ಎಂಬುದು ಕೀಳು, ನಾಯಕ್ ಎಂಬುದು ಮೇಲು ಎಂಬ ತಪ್ಪು ತಿಳಿವಳಿಕೆಯಿಂದ ಅಕ್ಷರವನ್ನು ಬದಲಾಯಿಸಬಾರದು. ಎರಡೂ ಒಂದೇ ಶಬ್ದ. ಅಜ್ಜನು ಬಳಸಿದ ರೂಪವನ್ನು ಉಳಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಈ ಪ್ರಶ್ನೆಗಳು ದಾಖಲೆಗೆ ಬೇಕು. ದೇವಳದ ಅಂಗಣದಲ್ಲಿ ಇವೊಂದೂ ಬೇಕಾಗಿಲ್ಲ. ಅಲ್ಲಿ ಕೇಳಬೇಕಾದದ್ದು ಬೇರೊಂದೇ ಪ್ರಶ್ನೆ: ಮುಂದೆ ನಿಂತವರು ಯಾರು? ೨೦೨೨ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ನಮ್ಮ ಸೀಮೆಯವರೆಲ್ಲ ಕೇಳಿದ್ದಾರೆ. ಬಂಟ್ವಾಳ ತಾಲೂಕಿನ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ತೋಡಿ, ಹಲವು ಸಲ ನೀರು ಸಿಗದೆ ಹೋದರೂ ಬಿಡದೆ, ಕೊನೆಗೆ ನೀರು ತಂದು ತೋಟ ಮಾಡಿದವರು. ಅವರಿಗೆ ಸೈನ್ಯವಿರಲಿಲ್ಲ, ಕೋಟೆಯಿರಲಿಲ್ಲ, ಇದ್ದದ್ದು ಪಿಕ್ಕಾಸು. ಆದರೂ ‘ಮುನ್ನಡೆಸುವವನು’ ಎಂಬ ಅರ್ಥ ಅವರಲ್ಲಿ ಪೂರ್ಣವಾಗಿ ಸಲ್ಲುತ್ತದೆ.

ಆದುದರಿಂದ ಆ ಹುಡುಗನ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ನಿಜವಾದ ನಾಯಕರು ಇವರು, ಉಳಿದವರು ಸುಳ್ಳು ಎಂಬ ಭೇದವೇ ಇಲ್ಲ. ಹೆಸರು ಹೊಣೆಯಿಂದ ಹುಟ್ಟಿತು; ಹೊಣೆ ಹೊತ್ತ ಪ್ರತಿಯೊಂದು ಜನವೂ ಅದನ್ನು ನ್ಯಾಯವಾಗಿಯೇ ಪಡೆಯಿತು. ಮರ ಕೊಟ್ಟ ಮನೆಯೂ ಎಣ್ಣೆ ಕೊಟ್ಟ ಅಂಗಡಿಯೂ ಕಲ್ಲು ಹೊತ್ತ ಹೆಗಲೂ ಆ ಒಂದು ಪುಟದಲ್ಲಿ ಒಟ್ಟಿಗಿವೆ. ಮೊಕ್ತೇಸರರ ಅನುಮತಿ ಪಡೆದು ಆ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರನ್ನೂ ಅವರವರ ಮನೆಯವರು ಬರೆಯುವ ರೂಪದಲ್ಲಿಯೇ, ಮನೆಯ ಹೆಸರಿನೊಡನೆ ಬರೆದಿದ್ದೇನೆ. ಬರೆಯುವ ಮೊದಲು ಮನೆಮನೆಗೆ ಹೋಗಿ ಕೇಳಿದ್ದೇನೆ. ಗುಡ್ಡದ ಆ ಮನೆಗೂ ಹೋಗಿದ್ದೆನು. ಅಂದಿನ ಹುಡುಗಿ ಈಗ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ಅವಳ ಕಾಣಿಕೆಯೂ ಪಟ್ಟಿಯಲ್ಲಿದೆ. “ಈ ಸಲ ಸರಿಯಾಗಿ ಬರೆಯುತ್ತೀರಲ್ಲ?” ಎಂದು ಅವಳ ತಂದೆ ನಗುತ್ತ ಕೇಳಿದರು. ಬರೆದು ತೋರಿಸಿ ಬಂದೆನು.

ಲೇಖನದಲ್ಲಿ ದೋಷಗಳಿದ್ದರೆ ವಾಚಕರು ಮನ್ನಿಸಬೇಕು. ವಿಘ್ನಗಳನ್ನು ಕಳೆಯುವ ವಿನಾಯಕನೂ ನಮ್ಮ ಗ್ರಾಮದ ಶ್ರೀ ದೇವರೂ ಎಲ್ಲ ಮನೆತನಗಳಿಗೂ ಸನ್ಮಂಗಳವನ್ನುಂಟುಮಾಡಲೆಂದು ಪ್ರಾರ್ಥಿಸುತ್ತೇನೆ.